ಊರು ಸೇರಿದ ಮೇಲೂ ಮರಳಿ ಬಂದ ಕಿಟ್ಟೆಲ್

ಕನ್ನಡ ನಿಘಂಟು ಎಂದೊಡನೆ ಮೊದಲು ನೆನಪಾಗುವ ಹೆಸರು ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ ಅವರದು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನ ಹಿರಿಮೆಯನ್ನು ಬಲ್ಲವರು ಅನೇಕರು. ಆದರೆ ಆ ಗ್ರಂಥವನ್ನು ಪೂರೈಸುವುದಕ್ಕಾಗಿ, ಅದಾಗಲೇ ತಾಯ್ನಾಡು ಸೇರಿದ್ದ ಅವರು ಸಂಸಾರವನ್ನು ಅಲ್ಲಿಯೇ ಬಿಟ್ಟು ಮತ್ತೆ ಕನ್ನಡನಾಡಿಗೆ ಬಂದರೆಂಬ ಸಂಗತಿ ಅಷ್ಟಾಗಿ ಯಾರ ನೆನಪಿನಲ್ಲಿಯೂ ಉಳಿದಿಲ್ಲ.

ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ವಾಯವ್ಯ ಕರಾವಳಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿದ ತರುಣ, ಮೂರು ವರ್ಷಗಳ ಬಳಿಕ ಭಾರತಕ್ಕೆ ಬಂದರು. ಆಗಿನ್ನೂ ಸೂಯೆಜ್ ಕಾಲುವೆ ಇರಲಿಲ್ಲ. ಅದು ತೆರೆದದ್ದು 1869ರಲ್ಲಿ. ಇಂದಿನಂತೆ ವರ್ಷಕ್ಕೊಮ್ಮೆ ರಜೆ ಹಾಕಿ ಊರಿಗೆ ಹೋಗಿಬರುವುದು ಆ ಕಾಲದ ಮಿಷನರಿಗಳಿಗೆ ಕನಸಿನ ಮಾತು. ಹೊರಟವರ ಪೈಕಿ ಮರಳಿ ಊರು ಕಾಣದೆ ಇಲ್ಲಿಯೇ ಮಣ್ಣಾದವರೂ ಕಡಿಮೆಯಲ್ಲ.

ಧಾರವಾಡ, ಹುಬ್ಬಳ್ಳಿ, ನೀಲಗಿರಿ, ಮಂಗಳೂರು, ಮಡಿಕೇರಿ ಹೀಗೆ ಅನೇಕ ಕಡೆಗಳಲ್ಲಿ ಕಿಟ್ಟೆಲ್ ನೆಲೆಸಿದರು. ಜನರೊಡನೆ ಬೆರೆತು, ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ಭಾಷೆ ಕಲಿತರು. 1860ರಲ್ಲಿ ಪೌಲಿನ್ ಐಟ್ ಅವರೊಡನೆ ವಿವಾಹವಾಯಿತು. ನಾಲ್ಕೇ ವರ್ಷಗಳಲ್ಲಿ ಆಕೆ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಯೂಲಿಯವರ ಕೈಹಿಡಿದರು. ಈ ನಡುವೆ 1862ರಲ್ಲಿ ಯೇಸುವಿನ ಜೀವನವನ್ನು ನಮ್ಮ ಛಂದಸ್ಸಿನಲ್ಲಿಯೇ ಹೇಳುವ ‘ಕಥಾಮಾಲೆ’ ರಚಿಸಿದ್ದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿದರು. ಬಂದದ್ದು ಧರ್ಮಪ್ರಚಾರಕ್ಕೆಂದಾದರೂ ಮನಸ್ಸು ನೆಟ್ಟದ್ದು ಕನ್ನಡದಲ್ಲಿ ಎನ್ನಬೇಕು.

1877ರಲ್ಲಿ ಅವರು ಜರ್ಮನಿಗೆ ಮರಳಿದರು. ಹೆಂಡತಿ ಮಕ್ಕಳೊಂದಿಗೆ ಅಲ್ಲಿಯೇ ನೆಮ್ಮದಿಯಿಂದ ಇದ್ದುಬಿಡಬಹುದಿತ್ತು, ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ನಿಘಂಟಿನ ಕೆಲಸ ಮುಗಿದಿರಲಿಲ್ಲ. ಅದು ದೂರದಲ್ಲಿ ಕುಳಿತು ಮುಗಿಸುವ ಕೆಲಸವೂ ಆಗಿರಲಿಲ್ಲ. ಹಳಗನ್ನಡದ ಓಲೆಗರಿಗಳು, ಅವುಗಳನ್ನು ಬಿಡಿಸಿ ಹೇಳಬಲ್ಲ ಪಂಡಿತರು, ಗಾದೆ ಮಾತುಗಳನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡಿದ್ದ ರೈತರು, ಎಲ್ಲರೂ ಇದ್ದದ್ದು ಇಲ್ಲಿ. ಒಂದು ಶಬ್ದಕ್ಕೆ ಗ್ರಂಥದಲ್ಲಿ ಒಂದು ಅರ್ಥ, ಆಡುಮಾತಿನಲ್ಲಿ ಇನ್ನೊಂದು ಅರ್ಥವಿದ್ದರೆ ಆಡುವವರನ್ನೇ ಕೇಳಬೇಕು.

1883ರಲ್ಲಿ, ಐವತ್ತೊಂದರ ವಯಸ್ಸಿನಲ್ಲಿ, ಕಿಟ್ಟೆಲ್ ಮತ್ತೆ ಹಡಗು ಹತ್ತಿದರು. ಈ ಸಲ ಒಂಟಿಯಾಗಿ. ಆರು ವರ್ಷಗಳ ಗೃಹವಾಸ ಅವರ ಪಾಲಿಗೆ ಒಂದು ದೀರ್ಘ ರಜೆಯಷ್ಟೇ ಆಗಿಹೋಯಿತು. ಮುಂದಿನ ಒಂಬತ್ತು ವರ್ಷ ಅವರು ಇಲ್ಲಿ ಶಬ್ದಗಳನ್ನು ಹೆಕ್ಕಿ, ತೂಗಿ, ಜೋಡಿಸುತ್ತಿದ್ದರೆ, ಅಲ್ಲಿ ಮನೆಯ ಹೊಣೆಯೆಲ್ಲ ಯೂಲಿಯವರ ಹೆಗಲ ಮೇಲಿತ್ತು. ನಿಘಂಟಿನ ಮುಖಪುಟದಲ್ಲಿ ಇರುವುದು ಒಂದೇ ಹೆಸರು. ಆ ತಾಯಿಯ ಪಾಲನ್ನು ಕನ್ನಡಿಗರು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ನಿಘಂಟಿನಲ್ಲಿರುವ ಶಬ್ದಗಳು ಸುಮಾರು 70,000. ಪಂಪನ ಕಾಲದ ಪದವೂ ಅಲ್ಲಿದೆ, ಸಂತೆಯ ಮಾತೂ ಇದೆ. ಕನ್ನಡ ಶಬ್ದದ ಪಕ್ಕದಲ್ಲಿ ತುಳು, ತಮಿಳು, ತೆಲುಗು, ಮಲೆಯಾಳದ ಸೋದರ ಶಬ್ದಗಳನ್ನೂ ಕೊಟ್ಟಿದ್ದಾರೆ. ಸಂಸ್ಕೃತ ಕೋಶಗಳಲ್ಲಿ ಸೇರಿಕೊಂಡ ದ್ರಾವಿಡ ಶಬ್ದಗಳ ಬಗ್ಗೆ ಅವರು 1872ರಲ್ಲಿಯೇ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಬರೆದಿದ್ದರು.

1892ರಲ್ಲಿ ಕಿಟ್ಟೆಲ್ ಕೊನೆಯ ಸಲ ಊರಿಗೆ ಮರಳಿ ಟ್ಯೂಬಿಂಗೆನ್ ನಗರದಲ್ಲಿ ನೆಲೆಸಿದರು. ಎರಡು ವರ್ಷಗಳ ಬಳಿಕ ನಿಘಂಟು ಹೊರಬಂದಾಗ ಅವರು ಮಂಗಳೂರಿನಲ್ಲಿ ಇರಲಿಲ್ಲ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಮನೆ ಸೇರಿದ ಮೇಲೂ ಕನ್ನಡ ಅವರನ್ನು ಬಿಡಲಿಲ್ಲ. ಕನ್ನಡ ವ್ಯಾಕರಣವೊಂದನ್ನು ಬರೆದು ಮುಗಿಸಿದರು. ಅದು 1903ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಕಿಟ್ಟೆಲ್ ಟ್ಯೂಬಿಂಗೆನ್‌ನಲ್ಲಿ ಕಣ್ಮುಚ್ಚಿದರು.