ಔಷಧವಿದ್ಯೆಗೆ ಪದವಿ ತಂದ ಮಹಾದೇವ ಲಾಲ್ ಶ್ರಾಫ್

ನಾವು ಎರ್ನಾಕುಲದಲ್ಲಿ ಹೋಟೆಲು ನಡೆಸುತ್ತಿದ್ದಾಗ ಕುಂದಾಪುರದ ಕಡೆಯ ಹುಡುಗನೊಬ್ಬನು ನಮ್ಮಲ್ಲಿ ಸಪ್ಲೈಯರನಾಗಿದ್ದನು. ಎಸ್.ಎಸ್.ಎಲ್.ಸಿ. ತೇರ್ಗಡೆಯಾದವನು, ಚುರುಕಿನವನು. ಒಂದು ದಿನ ಅವನು ಔಷಧದ ಅಂಗಡಿಯೊಂದಕ್ಕೆ ಸೇರುವೆನೆಂದು ಬಂದು ನಿಂತನು. ಐದಾರು ವರ್ಷ ದುಡಿದರೆ ಫಾರ್ಮಸಿಸ್ಟನಾಗಬಹುದೆಂದು ಅಂಗಡಿಯವರು ಹೇಳಿದ್ದರಂತೆ. ನಾವೂ ಅದನ್ನು ನಂಬಿ, ಸಂಬಳದ ಬಾಕಿ ಚುಕ್ತಾ ಮಾಡಿ, ಹರಸಿ ಕಳುಹಿಸಿದೆವು. ಆರು ವರ್ಷಗಳ ಬಳಿಕ ಅವನು ನೋಂದಣಿಗೆಂದು ವಿಚಾರಿಸಿದಾಗ, ಅಂಗಡಿಯ ಅನುಭವವು ಲೆಕ್ಕಕ್ಕೆ ಬಾರದೆಂದು ತಿಳಿಯಿತು. ಆ ತಪ್ಪಿನಲ್ಲಿ ನಮ್ಮ ಪಾಲೂ ಉಂಟು. ಈ ವೃತ್ತಿಗೆ ಕಾಲೇಜಿನ ಶಿಕ್ಷಣವು ಹೇಗೆ ಬಂದಿತೆಂದು ಅರಸುತ್ತ ಹೋದಾಗ ನಮಗೆ ಪರಿಚಯವಾದವರೇ ಕೀರ್ತಿಶೇಷ ಮಹಾದೇವ ಲಾಲ್ ಶ್ರಾಫರು.

ಶ್ರಾಫರು 1902ರ ಮಾರ್ಚ್ 6ರಂದು ಬಿಹಾರದ ದರ್ಭಂಗಾದಲ್ಲಿ ಜನಿಸಿದರು. ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಎಂಜಿನಿಯರಿಂಗ್ ಓದತೊಡಗಿದರಾದರೂ ಅದು ನಡುವಿನಲ್ಲಿಯೇ ನಿಂತುಹೋಯಿತು. ಎದೆಗುಂದದೆ ಕಡಲು ದಾಟಿ ಅಮೆರಿಕೆಯನ್ನು ಸೇರಿದರು. ಅಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿಯೂ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿಯೂ ರಸಾಯನಶಾಸ್ತ್ರವನ್ನು ವ್ಯಾಸಂಗಮಾಡಿ ಸ್ವದೇಶಕ್ಕೆ ಮರಳಿದರು. ಊರು ಬಿಟ್ಟು ಅನ್ನ ಹುಡುಕಿದ ನಮ್ಮವರಿಗೆ ಆ ಪಯಣದ ಕಷ್ಟವನ್ನು ಬಣ್ಣಿಸಬೇಕಾಗಿಲ್ಲ.

ಆಗ ನಮ್ಮ ದೇಶದಲ್ಲಿ ಔಷಧ ಬೆರೆಸುವವನೆಂದರೆ ಕಾಂಪೌಂಡರನು. ಡಾಕ್ಟರ ಪಕ್ಕದಲ್ಲಿ ನಿಂತು, ನೋಡಿ ಕಲಿತು, ಅರೆದು, ಸೀಸೆಗೆ ತುಂಬಿ ಕೊಡುತ್ತಿದ್ದನು. ಅಡಿಗೆಮನೆಯಲ್ಲಿ ಭಟ್ಟರ ಕೈಕೆಳಗೆ ನಮ್ಮ ಹುಡುಗರು ಕಲಿಯುವಂತೆಯೇ ಅದೂ. ಆದರೆ ಸಾಂಬಾರಿಗೆ ಉಪ್ಪು ಹೆಚ್ಚಾದರೆ ಗಿರಾಕಿ ಗೊಣಗಾನು. ಮದ್ದಿನ ಅಳತೆ ತಪ್ಪಿದರೆ ರೋಗಿಯ ಪ್ರಾಣಕ್ಕೇ ಸಂಚಕಾರ. ಕಲಬೆರಕೆಯ ಔಷಧಗಳ ಹಾವಳಿಯನ್ನು ವಿಚಾರಿಸಲು ಸರಕಾರವು 1930ರಲ್ಲಿ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಔಷಧಗಳಿಗೆ ಕಾನೂನಿನ ಹಿಡಿತ ಬೇಕು, ಔಷಧ ಕೊಡುವವನಿಗೆ ಕ್ರಮವಾದ ಶಿಕ್ಷಣ ಬೇಕು ಎಂಬುದು ಸಮಿತಿಯ ಅಭಿಪ್ರಾಯವಾಗಿದ್ದಿತು.

ಕಾನೂನು ಬರಲು ಸರಕಾರಕ್ಕೆ ಹತ್ತು ವರ್ಷ ಹಿಡಿಯಿತು. ಶ್ರಾಫರು ಅಷ್ಟು ಕಾಯಲಿಲ್ಲ. ಪಂಡಿತ ಮದನಮೋಹನ ಮಾಳವೀಯರ ಆಶ್ರಯದಲ್ಲಿ, ತಮ್ಮ ಓದು ನಿಂತುಹೋಗಿದ್ದ ಅದೇ ಬನಾರಸಿನಲ್ಲಿ, 1932ರಲ್ಲಿ ಔಷಧ ರಸಾಯನಶಾಸ್ತ್ರದ ಬೋಧನೆಯನ್ನು ಆರಂಭಿಸಿದರು. 1937ರಲ್ಲಿ ಮೂರು ವರ್ಷಗಳ ಬಿ.ಫಾರ್ಮ್. ಪದವಿಯ ತರಗತಿಗಳು ತೊಡಗಿದವು. ಭಾರತದಲ್ಲಿ ಅದೇ ಮೊದಲನೆಯದು. ಬಿಡಿಬಿಡಿಯಾಗಿದ್ದ ಔಷಧವೃತ್ತಿಯವರನ್ನು ಒಂದು ಸಂಘದಲ್ಲಿ ಕೂಡಿಸಿ, 1939ರಲ್ಲಿ ಅವರಿಗಾಗಿ ಪತ್ರಿಕೆಯೊಂದನ್ನೂ ಹೊರಡಿಸಿದರು. ಪತ್ರಿಕೆ ನಡೆಸುವುದೆಂದರೇನೆಂಬುದನ್ನು ಹೋಟೆಲಿನ ಗಲ್ಲದಿಂದೆದ್ದು ಈ ಮೇಜಿಗೆ ಬಂದ ನಾವು ಬಲ್ಲೆವು!

1940ರಲ್ಲಿ ಔಷಧಗಳ ಕಾಯಿದೆಯೂ 1948ರಲ್ಲಿ ಫಾರ್ಮಸಿ ಕಾಯಿದೆಯೂ ಜಾರಿಗೆ ಬಂದವು. ಮರುವರ್ಷ ಭಾರತೀಯ ಫಾರ್ಮಸಿ ಪರಿಷತ್ತು ರಚಿತವಾಯಿತು. ಬನಾರಸನ್ನು ಬಿಟ್ಟ ಮೇಲೆ ಶ್ರಾಫರು ಪಿಲಾನಿಯಲ್ಲಿಯೂ ಈ ವಿದ್ಯೆಯನ್ನು ಬೆಳೆಸಿದರು. 1971ರ ಆಗಸ್ಟ್ 25ರಂದು ನಿಧನರಾದರು. ಅವರ ಜನ್ಮದಿನವನ್ನು ಈಗ ಫಾರ್ಮಸಿ ಶಿಕ್ಷಣ ದಿನವೆಂದು ಆಚರಿಸುವರು.

ಅವರು ಹಾಕಿಕೊಟ್ಟ ದಾರಿ ಇಂದು ಹೀಗಿದೆ. ಎಸ್.ಎಸ್.ಎಲ್.ಸಿ. ಒಂದೇ ಸಾಲದು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜತೆಗೆ ಜೀವಶಾಸ್ತ್ರ ಅಥವಾ ಗಣಿತವನ್ನು ಓದಿ ಪಿ.ಯು.ಸಿ.ಯಲ್ಲಿ, ಅಂದರೆ ಇಲ್ಲಿಯ ಪ್ಲಸ್ ಟೂ ತರಗತಿಯಲ್ಲಿ, ತೇರ್ಗಡೆಯಾಗಿರಬೇಕು. ಬಳಿಕ ಡಿ.ಫಾರ್ಮ್. ಎರಡು ವರ್ಷ, ಅದರ ಮೇಲೆ 500 ಗಂಟೆಗಳ ಪ್ರಾಯೋಗಿಕ ತರಬೇತಿ. ನೋಂದಣಿಗೆ ಮುಂಚೆ ಪರೀಕ್ಷೆಯೊಂದನ್ನು ವಿಧಿಸುವ ನಿಯಮವು 2022ರಲ್ಲಿ ಬಂದಿದೆ. ಬಿ.ಫಾರ್ಮ್. ಈಗ ನಾಲ್ಕು ವರ್ಷ, ಡಿ.ಫಾರ್ಮ್. ಆದವರು ನೇರವಾಗಿ ಅದರ ಎರಡನೆಯ ವರ್ಷಕ್ಕೆ ಸೇರಬಹುದು. 2008ರಲ್ಲಿ ಬಂದ ಫಾರ್ಮ್.ಡಿ. ಆರು ವರ್ಷದ್ದು. ಸರಕಾರಿ ಕಾಲೇಜು ತಿರುವನಂತಪುರದ ಮೆಡಿಕಲ್ ಕಾಲೇಜಿನ ಆವರಣದಲ್ಲಿಯೇ ಉಂಟು. ಕೊಚ್ಚಿಯಲ್ಲಿ ಖಾಸಗಿಯವು ಉಂಟು; ಊರಿಗೆ ಹೋಗಿ ಓದುವವರಿಗೆ ಮಣಿಪಾಲವಿದೆ. ಖಾಸಗಿ ಕಾಲೇಜಿಗೆ ಹಣ ಕಟ್ಟುವ ಮುನ್ನ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೋಡಬೇಕು.

ಓದಿ ಮುಗಿಸಿದವನು ಕೇರಳದ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದರೆ ಅಂಗಡಿ, ಆಸ್ಪತ್ರೆ, ಸಗಟು ವ್ಯಾಪಾರಗಳಲ್ಲಿ ಕೆಲಸಕ್ಕೆ ಸೇರಬಹುದು. ಸರಕಾರಿ ಆಸ್ಪತ್ರೆಯ ಹುದ್ದೆಗೆ ಪಿ.ಎಸ್.ಸಿ. ಪರೀಕ್ಷೆಯುಂಟು. ಆಲಪ್ಪುಳದ ಕಲವೂರಿನಲ್ಲಿ ಸರಕಾರದ ಔಷಧ ಕಾರ್ಖಾನೆಯೂ ಇದೆ. ಹಾಗೆಂದು ಮೊದಲ ಸಂಬಳಕ್ಕೆ ಮರುಳಾಗಬೇಡಿ. ಅಂಗಡಿಯ ಹೊಸ ಫಾರ್ಮಸಿಸ್ಟನಿಗಿಂತ ಒಳ್ಳೆಯ ಅಡಿಗೆಭಟ್ಟನೇ ಹೆಚ್ಚು ಎಣಿಸುವುದನ್ನು ನಾವು ಕಂಡಿದ್ದೇವೆ. ಆದರೆ ಭಟ್ಟನನ್ನು ಮಾಲಿಕನು ಒಂದು ಮಾತಿನಲ್ಲಿ ಬಿಡಿಸಬಲ್ಲನು. ಫಾರ್ಮಸಿಸ್ಟನಿಲ್ಲದೆ ವೈದ್ಯರ ಚೀಟಿಗೆ ಔಷಧ ಕೊಡುವುದಕ್ಕೆ ಕಾನೂನೇ ಬಿಡದು.

ನಮ್ಮ ಆ ಹುಡುಗನು ಈಗಲೂ ಅಂಗಡಿಯಲ್ಲಿ ಸಹಾಯಕನಾಗಿಯೇ ಇದ್ದಾನೆ. ಊರಿನಲ್ಲಿರುವ ತಮ್ಮನನ್ನು ಮಾತ್ರ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿಸಿ, ತಿಂಗಳು ತಿಂಗಳು ಅವನ ಖರ್ಚಿಗೆ ಹಣ ಕಳುಹಿಸುತ್ತಿದ್ದಾನೆ. ಕಳೆದ ವಾರ ನಮ್ಮ ಕಚೇರಿಗೆ ಬಂದು, ಡಿ.ಫಾರ್ಮ್. ಅರ್ಜಿ ಎಲ್ಲಿ ಸಿಗುವುದೆಂದು ಕೇಳಿದನು. ತಿರುವನಂತಪುರದ ಎಲ್.ಬಿ.ಎಸ್. ಸೆಂಟರಿನ ವಿಳಾಸವನ್ನು ಬರೆದುಕೊಟ್ಟೆವು.