ಕನ್ನಡನಾಡನ್ನು ಕಾಣದ ವೈಯಾಕರಣ

ಕಳೆದ ಮಾಗಿಯಲ್ಲಿ ವಿದ್ಯಾರ್ಥಿಗಳೊಡನೆ ವರದಾಮೂಲಕ್ಕೆ ಹೋಗಿದ್ದೆ. ವರದೆ ಹುಟ್ಟುವ ಆ ಪುಟ್ಟ ಕೊಳದ ಬಳಿ ಕುಳಿತು, ಅಚ್ಚು ಕಂಡ ಮೊದಲ ಕನ್ನಡ ವ್ಯಾಕರಣ ಯಾರದೆಂದು ಕೇಳಿದೆ. ಎಲ್ಲರೂ ಕಿಟ್ಟೆಲರ ಹೆಸರನ್ನೇ ಹೇಳಿದರು. ವಿಲಿಯಂ ಕೇರಿ ಎಂದೊಡನೆ ಒಬ್ಬ ಹುಡುಗ, ಅದು ಯಾವ ಊರಿನ ಕೇರಿ ಎಂದು ನಕ್ಕ. ತಪ್ಪು ಅವನದಲ್ಲ, ನಾನೇ ತರಗತಿಯಲ್ಲಿ ಆ ಹೆಸರೆತ್ತಿದ್ದು ಅಪರೂಪ.

ಕೇರಿಯವರು 1761ರಲ್ಲಿ ಇಂಗ್ಲೆಂಡಿನ ಪೌಲರ್ಸ್‌ಪರಿ ಎಂಬ ಹಳ್ಳಿಯಲ್ಲಿ, ನೇಕಾರರೊಬ್ಬರ ಮನೆಯಲ್ಲಿ ಜನಿಸಿದರು. ಕಲಿತ ಕಸುಬು ಪಾದರಕ್ಷೆ ಹೊಲಿಯುವುದು. ಅದರ ನಡುವೆಯೇ ಲ್ಯಾಟಿನ್, ಗ್ರೀಕ್, ಹೀಬ್ರೂಗಳನ್ನು ಕರಗತಮಾಡಿಕೊಂಡರು. ಬ್ಯಾಪ್ಟಿಸ್ಟ್ ಪಂಥದ ಉಪದೇಶಕರಾಗಿ 1793ರಲ್ಲಿ ಬಂಗಾಳಕ್ಕೆ ಬಂದರು. ಬರಲೊಲ್ಲೆನೆಂದಿದ್ದ ಮಡದಿ ಡಾರತಿಯನ್ನು ಒಡಂಬಡಿಸಿ ಕರೆತಂದುದನ್ನು ನಾನು ಸುಲಭವಾಗಿ ಮನ್ನಿಸಲಾರೆ. ಮರುವರ್ಷವೇ ಮಗ ಪೀಟರ್ ತೀರಿಕೊಂಡ. ಆಕೆಯ ಬುದ್ಧಿ ಕದಡಿತು. 1807ರಲ್ಲಿ ಕಣ್ಮುಚ್ಚುವವರೆಗೂ ತಿಳಿಯಾಗಲಿಲ್ಲ. ಪಕ್ಕದ ಕೋಣೆಯಲ್ಲಿ ಆಕೆ ಚೀರಾಡುತ್ತಿರಲು ಕೇರಿಯವರು ಭಾಷಾಂತರದಲ್ಲಿ ತೊಡಗಿರುತ್ತಿದ್ದರು.

ಕಂಪನಿ ಸರ್ಕಾರ ಪಾದ್ರಿಗಳನ್ನು ಸಹಿಸುತ್ತಿರಲಿಲ್ಲ. ಆದ್ದರಿಂದ ಅವರು 1800ರಲ್ಲಿ ಹೂಗ್ಲಿಯ ದಡದ ಪುಟ್ಟ ಪಟ್ಟಣ, ಡೇನರ ಅಧೀನದಲ್ಲಿದ್ದ ಶ್ರೀರಾಮಪುರವನ್ನು ಸೇರಿದರು. ಮಾರ್ಷ್‌ಮನ್, ವಾರ್ಡ್ ಎಂಬ ಗೆಳೆಯರೊಡನೆ ಅಚ್ಚುಕೂಟ ನಡೆಸಿದರು. ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಅಧ್ಯಾಪಕರಾಗಿ, ನಾನಾ ಪ್ರಾಂತಗಳ ಪಂಡಿತರ ಸಂಗದಲ್ಲಿ ಭಾಷೆಗಳನ್ನು ಅಭ್ಯಸಿಸಿದರು. ಕನ್ನಡವೂ ಅವುಗಳಲ್ಲೊಂದು. ಕನ್ನಡನಾಡಿನ ಒಂದು ಹೊಳೆಯನ್ನೂ ಅವರು ಕಂಡವರಲ್ಲ.

1812ರ ಮಾರ್ಚ್ 11ರಂದು ಅಚ್ಚುಕೂಟಕ್ಕೆ ಬೆಂಕಿ ಬಿದ್ದಿತು. ಕಾಗದದ ರಾಶಿ ಉರಿಯಿತು, ಅಚ್ಚುಮೊಳೆಗಳು ಕರಗಿದವು. ಹಲವು ಭಾಷೆಗಳ ಹಸ್ತಪ್ರತಿಗಳೊಡನೆ ಕನ್ನಡದ ಹೊಸ ಒಡಂಬಡಿಕೆಯೂ ಬೂದಿಯಾಯಿತು. ಕಲ್ಕತ್ತೆಯಲ್ಲಿದ್ದ ಕೇರಿಯವರಿಗೆ ಮಾರ್ಷ್‌ಮನ್ ಸುದ್ದಿ ಮುಟ್ಟಿಸಿದರು. ಐವತ್ತು ದಾಟಿದ ವಯಸ್ಸು. ಮತ್ತೆ ಮೊದಲಿನಿಂದ ಆರಂಭವಾಗಬೇಕು. ಒಂದು ಲೇಖನದ ಪ್ರತಿ ಕಳೆದರೆ ತಿಂಗಳುಗಟ್ಟಲೆ ಲೇಖನಿ ಮುಟ್ಟದ ನನ್ನಂಥವರಿಗೆ ಆ ಸ್ಥೈರ್ಯ ಊಹೆಗೂ ನಿಲುಕದು. 1817ರಲ್ಲಿ, ಕಿಟ್ಟೆಲರ ನಿಘಂಟಿಗೆ 77 ವರ್ಷ ಮೊದಲು, ಇಂಗ್ಲಿಷಿನಲ್ಲಿ ಬರೆದ ಅವರ ಕನ್ನಡ ವ್ಯಾಕರಣ ಅಲ್ಲಿಯೇ ಅಚ್ಚಾಯಿತು.

ಮರುವರ್ಷ ಮೂವರು ಗೆಳೆಯರೂ ಶ್ರೀರಾಮಪುರದಲ್ಲಿ ಕಾಲೇಜನ್ನು ತೆರೆದರು. ಮೊದಲಿದ್ದವರು 37 ವಿದ್ಯಾರ್ಥಿಗಳು, ಕ್ರೈಸ್ತರಲ್ಲದವರಿಗೂ ಪ್ರವೇಶವಿತ್ತು. ಸಂಸ್ಕೃತವೂ ಪಾಶ್ಚಾತ್ಯ ವಿಜ್ಞಾನವೂ ಜೊತೆಜೊತೆಯಾಗಿ ನಡೆದವು. 1827ರಲ್ಲಿ ಡೆನ್ಮಾರ್ಕಿನ ಅರಸ ಆರನೆಯ ಫ್ರೆಡರಿಕ್ ಸನ್ನದನ್ನಿತ್ತು, ಪದವಿ ಕೊಡುವ ಅಧಿಕಾರವನ್ನು ದಯಪಾಲಿಸಿದ. 1834ರ ಜೂನ್ 9ರಂದು ಕೇರಿಯವರು ಆ ಊರಿನಲ್ಲಿಯೇ ತೀರಿಕೊಂಡರು. 1845ರಲ್ಲಿ ಪಟ್ಟಣ ಇಂಗ್ಲಿಷರ ಕೈಸೇರಿದರೂ ಸನ್ನದು ಅಳಿಯಲಿಲ್ಲ. ಬೆಂಗಳೂರು, ಮಂಗಳೂರುಗಳ ದೈವಜ್ಞಾನ ಕಾಲೇಜುಗಳಲ್ಲಿ ಓದುವ ಕನ್ನಡದ ಹುಡುಗರು ಇಂದಿಗೂ ಪಡೆಯುವುದು ಶ್ರೀರಾಮಪುರದ ಪದವಿಯನ್ನೇ.