ಸ್ಫಟಿಕದಲ್ಲಿ ಸತ್ಯವನ್ನರಸಿದ ಪಂಡಿತ ಜಾನ್ ಡೀ

ಕಣ್ಣಿಗೆ ಕಾಣದುದನ್ನು ಕಾಣಬೇಕೆಂಬ ಹಂಬಲ ಮಾನವನಿಗೆ ಹೊಸದಲ್ಲ. ಕಳೆದುಹೋದ ಒಡವೆಯನ್ನು ಪತ್ತೆಹಚ್ಚಲು ಎಳೆಯ ಬಾಲಕನ ಎದುರಿಗೆ ಅಂಜನವಿರಿಸಿ ನೋಡಿಸುವ ಪದ್ಧತಿಯನ್ನು ಕನ್ನಡನಾಡಿನ ಹಳ್ಳಿಗರು ಬಲ್ಲರು. ಯುರೋಪು ಖಂಡದಲ್ಲಿಯೂ ಸ್ಫಟಿಕದ ಗೋಲವನ್ನೋ ಕರಿಗನ್ನಡಿಯನ್ನೋ ಮುಂದಿರಿಸಿಕೊಂಡು, ಚಿತ್ತವನ್ನು ಏಕಾಗ್ರಗೊಳಿಸಿ, ದೂರದ ಹಾಗೂ ಭವಿಷ್ಯದ ಸಂಗತಿಗಳನ್ನು ಕಾಣಲೆಳಸುವ ವಿದ್ಯೆಯೊಂದು ಬಹುಕಾಲದಿಂದ ನಡೆದುಬಂದಿತ್ತು. ಇಂತಹ ಅತೀಂದ್ರಿಯ ಶಕ್ತಿಯ ಬೆನ್ನು ಹತ್ತಿದವರೆಲ್ಲರೂ ಅವಿದ್ಯಾವಂತರೆಂದು ಬಗೆಯಲಾಗದು. ತನ್ನ ಕಾಲದ ಇಂಗ್ಲೆಂಡಿನ ಅಗ್ರಗಣ್ಯ ಗಣಿತಜ್ಞರಲ್ಲಿ ಒಬ್ಬನಾದ ಜಾನ್ ಡೀ ಇದಕ್ಕೆ ಜ್ವಲಂತ ನಿದರ್ಶನ. ಅವನ ಏಳುಬೀಳುಗಳ ಜೀವನಚರಿತ್ರೆ ವಿದ್ಯಾರ್ಥಿಗಳಾದವರು ಮನನ ಮಾಡತಕ್ಕದ್ದಾಗಿದೆ.

ಡೀ ಕ್ರಿ. ಶ. 1527ನೆಯ ಜುಲೈ 13ರಂದು ಲಂಡನ್ ನಗರದಲ್ಲಿ ಜನಿಸಿದನು. ತಂದೆ ಬಟ್ಟೆಯ ವರ್ತಕ. ಎಂಟನೆಯ ಹೆನ್ರಿ ದೊರೆಯ ಆಸ್ಥಾನದಲ್ಲಿಯೂ ಸೇವೆಯಲ್ಲಿದ್ದವನು. 1542ರಲ್ಲಿ ಬಾಲಕನು ಕೇಂಬ್ರಿಜ್ ವಿದ್ಯಾಪೀಠವನ್ನು ಸೇರಿ, ಹಗಲಿರುಳೆನ್ನದೆ ವ್ಯಾಸಂಗದಲ್ಲಿ ನಿರತನಾದನು. ಅಲ್ಲಿ ಆಡಿದ ಗ್ರೀಕ್ ನಾಟಕವೊಂದಕ್ಕಾಗಿ ಮೇಲಕ್ಕೆ ಹಾರುವ ಯಂತ್ರದ ಜೀರುಂಡೆಯೊಂದನ್ನು ರಚಿಸಿದಾಗ, ಅದರ ತಂತ್ರವನ್ನರಿಯದ ಜನರು ಇವನು ಮಾಟಗಾರನೆಂದು ಪಿಸುಗುಟ್ಟತೊಡಗಿದರು. ಆ ಅಪವಾದ ಕಡೆಯವರೆಗೂ ಅವನನ್ನು ಬಿಡಲಿಲ್ಲ.

ತರುವಾಯ ಡೀ ಲೂವೇನ್ ನಗರಕ್ಕೆ ತೆರಳಿ, ಗೆಮ್ಮಾ ಫ್ರಿಸಿಯಸ್, ಮರ್ಕೇಟರ್ ಮೊದಲಾದ ಭೂಗೋಲ ವಿಶಾರದರ ಸಹವಾಸದಲ್ಲಿ ಪಳಗಿದನು. 1550ರಲ್ಲಿ, ಕೇವಲ ಇಪ್ಪತ್ಮೂರರ ಹರೆಯದಲ್ಲಿ, ಪ್ಯಾರಿಸ್ಸಿನಲ್ಲಿ ಯೂಕ್ಲಿಡನ ರೇಖಾಗಣಿತವನ್ನು ಕುರಿತು ಉಪನ್ಯಾಸ ಮಾಡಿ ವಿದ್ವಾಂಸರ ಮೆಚ್ಚುಗೆ ಪಡೆದನು. 1555ರಲ್ಲಿ ರಾಣಿ ಮೇರಿಯ ಜಾತಕವನ್ನು ಗಣಿಸಿದನೆಂಬ ಆರೋಪದ ಮೇಲೆ ಸೆರೆಯಾದರೂ ವಿಚಾರಣೆಯ ನಂತರ ಬಿಡುಗಡೆ ಹೊಂದಿದನು. ಮರುವರ್ಷ ಅದೇ ರಾಣಿಗೆ, ಚೆದರಿಹೋಗುತ್ತಿದ್ದ ಪ್ರಾಚೀನ ಗ್ರಂಥಗಳನ್ನು ಕಾಪಾಡಲು ರಾಷ್ಟ್ರೀಯ ಗ್ರಂಥಾಲಯವೊಂದನ್ನು ಸ್ಥಾಪಿಸಬೇಕೆಂದು ಬಿನ್ನವಿಸಿಕೊಂಡನು. ಆ ಬಿನ್ನಹ ಫಲಿಸದಿರಲು, ಥೇಮ್ಸ್ ನದಿಯ ದಡದ ಮಾರ್ಟ್‌ಲೇಕ್ ಗ್ರಾಮದ ತನ್ನ ಮನೆಯಲ್ಲಿಯೇ ಸಾವಿರಾರು ಗ್ರಂಥಗಳನ್ನು ಕೂಡಿಹಾಕಿದನು. ಅದು ಆ ಕಾಲದ ಇಂಗ್ಲೆಂಡಿನ ಅತಿ ದೊಡ್ಡ ಖಾಸಗಿ ಗ್ರಂಥಭಂಡಾರಗಳಲ್ಲಿ ಒಂದಾಗಿತ್ತು.

ಒಂದನೆಯ ಎಲಿಜಬೆತ್ ರಾಣಿ 1559ನೆಯ ಜನವರಿ 15ರಂದು ಪಟ್ಟವೇರಿದ್ದು ಡೀ ಆರಿಸಿಕೊಟ್ಟ ಮುಹೂರ್ತದಲ್ಲಿ. 1570ರಲ್ಲಿ ಯೂಕ್ಲಿಡನ ಮೊದಲ ಇಂಗ್ಲಿಷ್ ಅನುವಾದಕ್ಕೆ ಅವನು ಬರೆದ ಮುನ್ನುಡಿ, ಗಣಿತವು ನೌಕಾಯಾನ, ಶಿಲ್ಪ, ಯಂತ್ರಕಲೆಗಳಿಗೆ ಹೇಗೆ ಆಧಾರವೆಂಬುದನ್ನು ಸಾಮಾನ್ಯ ಕುಶಲಕರ್ಮಿಗಳಿಗೂ ತಿಳಿಯಪಡಿಸಿತು. ಸಮುದ್ರಯಾನಿಗಳು ಅವನಿಂದ ಮಾರ್ಗದರ್ಶನ ಪಡೆದರು. ಪಂಚಾಂಗವನ್ನು ತಿದ್ದಬೇಕೆಂದು ಅವನು ಲೆಕ್ಕಾಚಾರದೊಡನೆ ಸರಕಾರಕ್ಕೆ ಸಲ್ಲಿಸಿದ ಸಲಹೆಯನ್ನು ಧರ್ಮಾಧಿಕಾರಿಗಳು ತಡೆದರು. ಇಂಗ್ಲೆಂಡು ಆ ಸುಧಾರಣೆಯನ್ನು ಒಪ್ಪಿದ್ದು 1752ರಲ್ಲಿ.

ಇಷ್ಟೆಲ್ಲವನ್ನು ಸಾಧಿಸಿದರೂ ಡೀಯ ಜ್ಞಾನದಾಹ ತಣಿಯಲಿಲ್ಲ. ಗ್ರಂಥಗಳಲ್ಲಿ ದೊರೆಯದ ಸೃಷ್ಟಿರಹಸ್ಯವನ್ನು ದೇವದೂತರ ಬಾಯಿಂದಲೇ ಕೇಳಬೇಕೆಂದು ಅವನು ಹಂಬಲಿಸಿದನು. 1581ನೆಯ ಮೇ 25ರಂದು ಸ್ಫಟಿಕದಲ್ಲಿ ತನಗೆ ದರ್ಶನವಾಯಿತೆಂದು ದಿನಚರಿಯಲ್ಲಿ ಬರೆದುಕೊಂಡನಾದರೂ, ಆ ದೃಷ್ಟಿ ಅವನಿಗೆ ಕೈವಶವಾಗಲಿಲ್ಲ. ಆದಕಾರಣ ತನ್ನ ಪರವಾಗಿ ನೋಡಿ ಹೇಳಬಲ್ಲವರನ್ನು ಅರಸತೊಡಗಿದನು. 1582ನೆಯ ಮಾರ್ಚಿಯಲ್ಲಿ ಎಡ್ವರ್ಡ್ ಕೆಲ್ಲಿ ಎಂಬ ತರುಣನು ಅವನ ಮನೆಗೆ ಬಂದನು. ಮುದ್ರೆಗಳನ್ನು ಕೊರೆದ ಮೇಣದ ಬಿಲ್ಲೆಯನ್ನು ಮೇಜಿನ ಮೇಲಿರಿಸಿ, ಅದರ ಮೇಲೆ ಸ್ಫಟಿಕವನ್ನು ಸ್ಥಾಪಿಸಿ, ಡೀ ಭಕ್ತಿಯಿಂದ ಪ್ರಾರ್ಥಿಸುವನು. ಕೆಲ್ಲಿ ಸ್ಫಟಿಕವನ್ನು ದಿಟ್ಟಿಸಿ ಕಂಡುದನ್ನೂ ಕೇಳಿದುದನ್ನೂ ಹೇಳುವನು. ಡೀ ಅಕ್ಷರವೂ ಬಿಡದಂತೆ ಬರೆದುಕೊಳ್ಳುವನು. ಹೀಗೆ ಇಪ್ಪತ್ತೊಂದು ಅಕ್ಷರಗಳ ದೇವದೂತರ ಭಾಷೆಯೊಂದು ಅವನ ಹೊತ್ತಗೆಗಳನ್ನು ತುಂಬಿತು.

1583ರಲ್ಲಿ ಪೋಲೆಂಡಿನ ಶ್ರೀಮಂತನೊಬ್ಬನ ಆಮಂತ್ರಣದ ಮೇರೆಗೆ ಡೀ ಹೆಂಡತಿ ಜೇನ್, ಮಕ್ಕಳು ಹಾಗೂ ಕೆಲ್ಲಿಯ ಸಂಸಾರದೊಡನೆ ದೇಶ ಬಿಟ್ಟನು. 1584ರಲ್ಲಿ ಪ್ರಾಗ್ ನಗರದಲ್ಲಿ ಎರಡನೆಯ ರುಡಾಲ್ಫ್ ಚಕ್ರವರ್ತಿಯನ್ನು ಕಂಡು, ದೇವದೂತರ ಆಣತಿಯೆಂದು ನಂಬಿ, ಪಾಪಗಳನ್ನು ತೊರೆಯಬೇಕೆಂದು ಅವನಿಗೇ ಎಚ್ಚರಿಕೆ ನೀಡಿದನು. 1586ರಲ್ಲಿ ಆ ರಾಜ್ಯದಿಂದ ಹೊರದೂಡಲ್ಪಟ್ಟು, ಬೊಹೀಮಿಯದ ಟ್ರೆಬೋನ್ ಊರಿನಲ್ಲಿ ಪ್ರಭುವೊಬ್ಬನ ಆಶ್ರಯ ಪಡೆದನು. 1587ರಲ್ಲಿ ಅಲ್ಲಿಯೇ ಆ ಘೋರ ಪರೀಕ್ಷೆ ಒದಗಿತು. ಇಬ್ಬರೂ ಸಕಲವನ್ನೂ ಸಮಾನವಾಗಿ ಹಂಚಿಕೊಳ್ಳಬೇಕು, ದಾಂಪತ್ಯದ ಮೇರೆಯೂ ಅದಕ್ಕೆ ಅಡ್ಡಿಯಾಗಕೂಡದು ಎಂಬ ಆಜ್ಞೆ ಸ್ಫಟಿಕದಿಂದ ಬಂದಿತೆಂದು ಕೆಲ್ಲಿ ನುಡಿದನು. ಜೇನಳು ಅತ್ತು ನಡುಗಿದಳು. ಡೀಯ ಅಂತಃಕರಣವೂ ಕಲಕಿಹೋಯಿತು. ಆದರೂ ಕಾಣದ ದೇವದೂತರಿಗೆ ಅಂಜಿ, ಕಣ್ಣೆದುರಿಗೆ ಅಳುತ್ತಿದ್ದ ಸತಿಯ ಮಾತನ್ನು ಬದಿಗೊತ್ತಿ, ಅವನು ಆ ಒಪ್ಪಂದಕ್ಕೆ ಸಹಿ ಹಾಕಿದನು. ಅನತಿಕಾಲದಲ್ಲಿಯೇ ಆ ಇಬ್ಬರ ದರ್ಶನದ ಕಾರ್ಯ ನಿಂತುಹೋಯಿತು, ಸ್ನೇಹವೂ ಮುರಿಯಿತು.

1589ರ ಕೊನೆಯಲ್ಲಿ ಮಾರ್ಟ್‌ಲೇಕಿಗೆ ಮರಳಿದ ಪಂಡಿತನು ಕಂಡದ್ದು ಸೂರೆಹೋದ ಗ್ರಂಥಭಂಡಾರವನ್ನು. ಮುಂದೆ ಮ್ಯಾಂಚೆಸ್ಟರಿನ ಧರ್ಮಸಂಸ್ಥೆಯೊಂದರ ಅಧಿಕಾರಿಯಾದನಾದರೂ ನೆಮ್ಮದಿ ದೊರೆಯಲಿಲ್ಲ. ಬಾರ್ತಲೋಮ್ಯು ಹಿಕ್ಮನ್ ಎಂಬ ಮತ್ತೊಬ್ಬ ದರ್ಶಕನು ಹೇಳಿದುದೆಲ್ಲವೂ ಹುಸಿಯೆಂದು ಮನಗಂಡು, 1600ರಲ್ಲಿ ಆ ಬರಹಗಳನ್ನು ಬೆಂಕಿಗೆ ಹಾಕಿದನು. ಆದರೆ 1607ರಲ್ಲಿ, ಎಂಬತ್ತರ ಮುಪ್ಪಿನಲ್ಲಿ, ಅದೇ ಹಿಕ್ಮನ್ನನನ್ನು ಮತ್ತೆ ಸ್ಫಟಿಕದ ಮುಂದೆ ಕೂರಿಸಿಕೊಂಡನು. ಹುಸಿಯೆಂದು ತಾನೇ ತೀರ್ಮಾನಿಸಿದುದನ್ನೂ ಅವನ ಆಸೆ ತೊರೆಯಲೊಲ್ಲದಾಯಿತು. ಈ ಮಧ್ಯೆ ಜೇನಳು 1605ರ ಪ್ಲೇಗಿಗೆ ಬಲಿಯಾಗಿದ್ದಳು. ಅಳಿದುಳಿದ ಪುಸ್ತಕಗಳನ್ನು ಮಾರಿ ಬದುಕುತ್ತ, ಮಗಳ ಆರೈಕೆಯಲ್ಲಿ, ಅವನು 1609ರ ಸುಮಾರಿಗೆ ಬಡತನದಲ್ಲಿ ಕಣ್ಮುಚ್ಚಿದನು. ಅವನ ಬರಹಗಳ ಕೆಲವು ಭಾಗ ಪೆಟ್ಟಿಗೆಯೊಂದರ ಗುಪ್ತ ಅರೆಯಲ್ಲಿ ಅಡಗಿದ್ದು, 1662ರಲ್ಲಿ ಹೊರಬಿದ್ದಾಗ ಹಲವು ಹಾಳೆಗಳನ್ನು ಅಡುಗೆಯಾಳು ತಿಂಡಿ ಬೇಯಿಸುವ ತಟ್ಟೆಗಳಿಗೆ ಹಾಸಿ ಕೆಡಿಸಿದಳು. ಉಳಿದವು ಇಂದಿಗೂ ಸುರಕ್ಷಿತವಾಗಿವೆ. ಅವನದೆಂದು ಹೇಳಲಾಗುವ ಕರಿಗನ್ನಡಿಯು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದು, ಅದರ ಜ್ವಾಲಾಮುಖಿಯ ಶಿಲೆ ಮೆಕ್ಸಿಕೊ ದೇಶದ ಪಚೂಕದ್ದೆಂದು 2021ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಮಂದಬೆಳಕಿನಲ್ಲಿ ಹೊಳೆಯುವ ವಸ್ತುವನ್ನು ಬಹುಹೊತ್ತು ದಿಟ್ಟಿಸಿದರೆ ಮನಸ್ಸು ತಾನಾಗಿಯೇ ರೂಪಗಳನ್ನು ಕಲ್ಪಿಸಿಕೊಳ್ಳುವುದೆಂದು ಮನಶ್ಶಾಸ್ತ್ರ ಹೇಳುತ್ತದೆ. ಕೆಲ್ಲಿ ಕಂಡದ್ದು ಅಂತಹ ಭ್ರಮೆಯೋ, ಅವನು ಹೇಳಿದ್ದು ವಂಚನೆಯೋ, ಚರ್ಚೆ ಇನ್ನೂ ನಿಂತಿಲ್ಲ. ಡೀಯಾದರೋ ವಂಚಕನಲ್ಲ, ಅವನ ಪ್ರಾರ್ಥನೆ ಪ್ರಾಮಾಣಿಕವಾದುದು, ಬರಹ ನಿಷ್ಕಪಟವಾದುದು. ರೇಖಾಗಣಿತದಲ್ಲಿ ಪ್ರತಿ ಹೆಜ್ಜೆಗೂ ಸಾಧನೆಯನ್ನು ಬೇಡುತ್ತಿದ್ದ ಅದೇ ಬುದ್ಧಿ ಸ್ಫಟಿಕದ ಮುಂದೆ ಮಾತ್ರ ಪರರ ಕಣ್ಣಿಗೆ ಶರಣಾಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬುದು ಹಿರಿಯರ ನಾಣ್ಣುಡಿ. ಪರರು ಕಂಡೆವೆಂದುದನ್ನು ಪ್ರಮಾಣಿಸದೆ ನಂಬುವುದಂತೂ ಸಲ್ಲದು. ಏಕಾಗ್ರತೆಯ ಫಲವು ದೂರದ ಬೆರಗನ್ನು ಕಾಣುವುದರಲ್ಲಿಲ್ಲ, ಸಮೀಪದ ಕರ್ತವ್ಯವನ್ನು ಸ್ಪಷ್ಟವಾಗಿ ಕಾಣುವುದರಲ್ಲಿದೆ. ಡೀಯ ವಿದ್ಯಾವ್ಯಾಸಂಗ ವಿದ್ಯಾರ್ಥಿಗಳಿಗೆ ಆದರ್ಶವಾಗಲಿ. ಅವನ ಮರುಳು ಅವರಿಗೆ ಎಚ್ಚರಿಕೆಯಾಗಲಿ.